ಹೆಚ್ಚಿನ ಮಾಹಿತಿಗೆ ಸಮಿತಿಯನ್ನು ಸಂಪರ್ಕಿಸಿ

ನಮ್ಮೂರ ದಾರಿ ಎದ್ದು ಹೋದ ಬೆಳಿಗ್ಗೆ ನಾನು ಚೌಡಪ್ಪನ ಅಂಗಡಿಯಲ್ಲಿ ಕ್ಷೌರಕ್ಕೆ ಕೂತಿದ್ದೆ. ಎಡಗಡೆಯ ಕೂದಲು ಮುಗಿಸಿ ಅವನು ಬಲಗಡೆಗೆ ಬರುವಷ್ಟರಲ್ಲಿ ಮಷೀನು ಒಮ್ಮೆ ಗುರ್ ಎಂದು ನಿಂತುಬಿಟ್ಟಿತು. ಫ್ಯಾನೂ ನಿಂತಿತು. ಮೂಲೆಯ ನಲ್ಲಿಯಲ್ಲಿ ತೊಟ್ಟಿಕ್ಕುತ್ತಿದ್ದ ನೀರೂ ನಿಂತಿತು. ಹೊರಗೆ ಯಾರೋ "ದಾರಿ ಎದ್ದೈತೆ! ದಾರಿ ಎದ್ದೈತೆ!" ಎಂದು ಕೂಗುತ್ತಾ ಓಡಿದರು. ಕೊರಳಿಗೆ ಸುತ್ತಿದ್ದ ಬಟ್ಟೆಯ ಸಮೇತ ನಾನೂ ಹೊರಗೆ ಬಂದೆ. ಪೆಟ್ರೋಲ್ ಬಂಕಿನಾಚೆ, ನಿನ್ನೆಯವರೆಗೆ ಡಾಂಬರು ರಸ್ತೆ ಇದ್ದ ಜಾಗದಲ್ಲಿ, ಲಂಟಾನ ಪೊದೆಗಳು ಬೆಳೆದು ನಿಂತಿದ್ದವು. ಅಲ್ಲೇ ಹುಟ್ಟಿ ಬೆಳೆದವನ ಹಾಗೆ ಒಂದು ಓತಿಕ್ಯಾತ ಅದರ ಮೇಲೆ ಕೂತು ತಲೆಯಾಡಿಸುತ್ತಿತ್ತು.

ವಾಪಸು ಬಂದು ಕುರ್ಚಿಯಲ್ಲಿ ಕೂತು, "ಉಳಿದದ್ದನ್ನ ಕತ್ತರೀಲಿ ಮುಗಿಸಿಬಿಡಪ್ಪ" ಎಂದೆ.

ಚೌಡಪ್ಪ ಡ್ರಾಯರು ತೆಗೆದು ಕತ್ತರಿಯನ್ನು ನೋಡಿದ. ಮತ್ತೆ ಡ್ರಾಯರು ಮುಚ್ಚಿದ. "ಕತ್ತರಿ ಬಿಟ್ಟು ಒಂಬತ್ತು ವರ್ಷ ಆಯ್ತು ಸಾರ್. ಕೈ ಹೇಳಿದ ಮಾತು ಕೇಳಲ್ಲ. ನಿಮ್ಮ ಕಿವಿಗೆ ಏನಾದ್ರೂ ಆದ್ರೆ ನಾಳೆ ಊರೋರಿಗೆ ನಾನೇನು ಹೇಳ್ಲಿ? ಇನ್ಮೇಲೆ ಊರೆಲ್ಲಾ ನಿಮ್ಮ ಮೇಲೇ ನಿಂತೈತೆ" ಎಂದ.

ಹೀಗಾಗಿ, ನಮ್ಮೂರು ಅಷ್ಟು ದೊಡ್ಡ ಆಪತ್ತನ್ನು ಎದುರಿಸಿದ್ದು ಅರ್ಧ ತಲೆ ಬೋಳಿಸಿಕೊಂಡ ಒಬ್ಬ ಮನುಷ್ಯನ ಮುಂದಾಳತ್ವದಲ್ಲಿ. ಉಳಿದರ್ಧ ತಲೆಯೊಳಗೂ ಹೆಚ್ಚೇನೂ ಇರಲಿಲ್ಲ ಎನ್ನುವುದು ಆಮೇಲೆ ಎಲ್ಲರಿಗೂ ಗೊತ್ತಾಯಿತು.

ನಮ್ಮೂರಿಗೆ ಇರುವುದು ಒಂದೇ ದಾರಿ. ಅದು ಯಾವಾಗಲಾದರೊಮ್ಮೆ ಎದ್ದು ಹೋಗುತ್ತದೆ. ಎಲ್ಲಿಗೆ, ಏಕೆ ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ. ಹೋಗುವಾಗ ತನ್ನ ಮೇಲಿನ ಲಾರಿ ಬಸ್ಸುಗಳನ್ನೂ ಪಕ್ಕದ ಕರೆಂಟು ಕಂಬಗಳನ್ನೂ ಅಡಿಯ ನೀರಿನ ಪೈಪನ್ನೂ ಕರೆದುಕೊಂಡೇ ಹೋಗುತ್ತದೆ. ಹಟ ಹಿಡಿದು ಹೊಲದ ಮೇಲೆ ನಡೆದು ಹೊರಟವರು ಸಂಜೆಗೆ ಊರಿನ ಇನ್ನೊಂದು ತುದಿಯಲ್ಲಿ ಬಂದು ನಿಲ್ಲುತ್ತಾರೆ, ಚಪ್ಪಲಿ ಸವೆದದ್ದೇ ಲಾಭ. ನನ್ನ ತಾತನ ಕಾಲದಿಂದಲೂ ಅದು ಎರಡು ಮೂರು ವರ್ಷಕ್ಕೊಮ್ಮೆ ಹೋಗುತ್ತಿತ್ತು, ಒಮ್ಮೆ ಆರು ದಿನ, ಒಮ್ಮೆ ನಲವತ್ತೊಂದು ದಿನ. ಆಗಿನವರಿಗೆ ಅದು ಮನೆಗೆ ನೆಂಟರು ಬಂದಷ್ಟೇ ಗಡಿಬಿಡಿಯ ವಿಷಯ. ಬಾವಿ ಇತ್ತು, ಒಲೆ ಇತ್ತು, ಬೀಸುವ ಕಲ್ಲು ಇತ್ತು, ಬೂದಿಯೊಳಗೆ ಕೆಂಡ ಇತ್ತು. ಆಮೇಲೆ ಇಪ್ಪತ್ತೆರಡು ವರ್ಷ ದಾರಿ ಜಾಗ ಬಿಟ್ಟು ಕದಲಲಿಲ್ಲ. ಕೆರೆ ಇದ್ದ ಕಡೆ ಬಸ್ ನಿಲ್ದಾಣ ಬಂತು. ಒಲೆ ಇದ್ದ ಕಡೆ ಫ್ರಿಜ್ ಬಂತು. ಒಲೆ ಉರಿಸುವವರು ಇಲ್ಲವಾದರಲ್ಲ ಎಂದು ಊರಿನ ಹಿರಿಯರು ಚಿಂತಿಸಿ, ಅದಕ್ಕೆ ಪರಿಹಾರವಾಗಿ ಒಂದು ಸಮಿತಿ ಮಾಡಿದರು. ಅದೇ ನಮ್ಮ ದಾರಿ ಸನ್ನದ್ಧತಾ ಸಮಿತಿ. ಅದಕ್ಕೆ ಅಧ್ಯಕ್ಷರು ವರ್ಷಕ್ಕೊಬ್ಬರು ಬಂದು ಹೋದರು, ಕಾರ್ಯದರ್ಶಿ ಮಾತ್ರ ಹದಿನೆಂಟು ವರ್ಷದಿಂದ ನಾನೊಬ್ಬನೇ.

ನಾನು ಸುಮ್ಮನೆ ಕೂತವನಲ್ಲ. ವರ್ಷಕ್ಕೊಮ್ಮೆ ತಾಲೀಮು ನಡೆಸುತ್ತಿದ್ದೆ. ಬೆಳಿಗ್ಗೆ ಹತ್ತಕ್ಕೆ ಸೈರನ್ ಕೂಗುತ್ತಿತ್ತು, ಜನ ಸಾಲಾಗಿ ಚೌಕಕ್ಕೆ ಬರುತ್ತಿದ್ದರು, ಅತಿಥಿಗಳು ಭಾಷಣ ಮಾಡುತ್ತಿದ್ದರು. ದಾರಿಯೇ ಇಲ್ಲದಿದ್ದರೆ ಬದುಕುವುದು ಹೇಗೆ ಎಂದು ಅರ್ಥವಾದ ಮೇಲೆ ಎಲ್ಲರಿಗೂ ಉಪ್ಪಿಟ್ಟು, ಕೇಸರಿಬಾತಿನ ಪೊಟ್ಟಣ. ಪೊಟ್ಟಣ ಅದೇ ದಾರಿಯಲ್ಲಿ ಪಕ್ಕದೂರಿನ ಹೋಟೆಲಿನಿಂದ ವ್ಯಾನಿನಲ್ಲಿ ಬರುತ್ತಿತ್ತು. ಅದು ತಡವಾದ ವರ್ಷ ತಾಲೀಮನ್ನೇ ಮುಂದೂಡಿದ್ದೂ ಉಂಟು. ಇದಲ್ಲದೆ ನಾನು ಅರವತ್ನಾಲ್ಕು ಪುಟದ ಕೈಪಿಡಿ ಬರೆದಿದ್ದೆ. ಮನೆಮನೆಗೂ ಹಂಚಿದ್ದೆವು. ಮೊದಲ ಅಧ್ಯಾಯ 'ಗಾಬರಿಯಾಗಬೇಡಿ'. ಬೆಂಕಿಯ ಅಧ್ಯಾಯ ನನಗೆ ಬಾಯಿಪಾಠ: 'ಒಣಗಿದ ಸೌದೆಯನ್ನು ಸೂಕ್ತ ರೀತಿಯಲ್ಲಿ ಜೋಡಿಸಿ ಸೂಕ್ತ ವಿಧಾನದಿಂದ ಹೊತ್ತಿಸಿ. ಹೆಚ್ಚಿನ ಮಾಹಿತಿಗೆ ಸಮಿತಿಯನ್ನು ಸಂಪರ್ಕಿಸಿ.' ನನಗೆ ಗೊತ್ತಿಲ್ಲದ್ದು ಎದುರಾದಲ್ಲೆಲ್ಲ ಈ ಕೊನೆಯ ವಾಕ್ಯ ಬರೆಯುತ್ತಾ ಹೋಗಿದ್ದೆ. ಪುಸ್ತಕದಲ್ಲಿ ಅದು ಐವತ್ತೇಳು ಸಲ ಬರುತ್ತದೆ ಎಂದು ನನ್ನ ಹೆಂಡತಿ ಶಾಂಭವಿ ಒಮ್ಮೆ ಎಣಿಸಿ ಹೇಳಿದ್ದಳು.

ದಾರಿ ಎದ್ದ ದಿನ ಮಧ್ಯಾಹ್ನದೊಳಗೆ ಊರಿನ ಅರ್ಧ ಜನ ಕೈಪಿಡಿ ಹಿಡಿದು ನಮ್ಮ ಮನೆ ಮುಂದೆ ನಿಂತಿದ್ದರು. ಸಮಿತಿಯನ್ನು ಸಂಪರ್ಕಿಸಲು ಬಂದಿದ್ದರು.

ಎಲ್ಲರನ್ನೂ ಕರೆದುಕೊಂಡು ಹೋಗಿ ಸಮಿತಿಯ ಉಗ್ರಾಣ ತೆಗೆಸಿದೆ. ಬೀಗ ತುಕ್ಕು ಹಿಡಿದಿತ್ತು, ಕಲ್ಲಿನಿಂದ ಒಡೆದೆವು. ಒಳಗೆ ಆರುನೂರು ಟಾರ್ಚುಗಳಿದ್ದವು. ಅವುಗಳೊಳಗಿನ ಸೆಲ್ಲುಗಳು ಕರಗಿ ಬೆಲ್ಲದ ಪಾಕವಾಗಿದ್ದವು. ಎರಡು ಸಾವಿರ ಬೆಂಕಿಪೊಟ್ಟಣ ಇದ್ದವು. ಕಡ್ಡಿ ಗೀರಿದರೆ ಮದ್ದು ಮಣ್ಣಿನ ಹಾಗೆ ಉದುರುತ್ತಿತ್ತು. ಹಗ್ಗಗಳನ್ನು ಇಲಿಗಳು ಗೂಡಿಗೆ ಒಯ್ದಿದ್ದವು. ಹುಳ ಹಿಡಿಯದೆ, ತುಕ್ಕು ಹಿಡಿಯದೆ, ಇಟ್ಟ ಹಾಗೇ ಇದ್ದದ್ದು ಎರಡೇ: ಹನ್ನೆರಡು ಹಾರೆ, ಮತ್ತು ನನ್ನ ಕೈಪಿಡಿಯ ಮುನ್ನೂರು ಪ್ರತಿ. ಉದ್ಘಾಟನೆಯ ದಿನ ಬಿಟ್ಟರೆ ಆ ಉಗ್ರಾಣವನ್ನು ನಾನು ತೆಗೆಸಿರಲಿಲ್ಲ. ತೆಗೆದರೆ ಒಳಗಿನದು ಹಾಳಾಗಬಹುದು ಎಂದು ನನ್ನ ಎಣಿಕೆ.

ಮೊದಲೆರಡು ದಿನ ಜನ ಮಜವಾಗಿಯೇ ಇದ್ದರು. ಟ್ಯಾಂಕಿನಲ್ಲಿ ನೀರಿತ್ತು, ಸಿಲಿಂಡರಿನಲ್ಲಿ ಗ್ಯಾಸಿತ್ತು. ಹಳಬರನ್ನು ಕೇಳೋಣ ಎಂದು ಕೆಲವರು ಗಂಗಜ್ಜಿಯ ಮನೆಗೆ ಹೋದರು. ಊರಿಗೆಲ್ಲ ಹಿರಿಯಳು, ಎಂಬತ್ತನಾಲ್ಕರ ಅಜ್ಜಿ. ಅವಳು ರೇಗಿದಳಂತೆ: "ವಯಸ್ಸಾದ ಮೇಲೆ ಎಲ್ಲಾ ಬರ್ತೈತೆ ಅಂತ ಯಾರ್ರೋ ಹೇಳಿದ್ದು? ಮಿಕ್ಸಿ ಬಂದಾಗಿಂದ ನಾನು ಕಲ್ಲು ಮುಟ್ಟಿಲ್ಲ. ನನ್ನ ಮೊಣಕಾಲಿಗೂ ಸುಖ ಬೇಡ್ವಾ?" ಮಾತೆಂದರೆ ಅದು ಮಾತು. ಅವಳಾದರೂ ನಿಜ ಹೇಳಿದಳು.

ಬೇರೆ ಸಮಯವಾಗಿದ್ದರೆ ನಾನೂ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮನೆಯಲ್ಲಿ ಮಗಳು ವಾರಿಜಾ ಬಾಣಂತಿ. ಮಗುವಿಗೆ ಹತ್ತೊಂಬತ್ತು ದಿನ, ಹೆಣ್ಣು ಮಗು, ಹೆಸರಿನ್ನೂ ಇಟ್ಟಿರಲಿಲ್ಲ. ತಾಯಿಯ ಹಾಲು ಸಾಲದೆ ಡಾಕ್ಟರು ಪುಡಿ ಹಾಲು ಬರೆದುಕೊಟ್ಟಿದ್ದರು. ನೀರು ಕುದಿಸಿ, ಆರಿಸಿ, ಅದರಲ್ಲೇ ಕಲಸಬೇಕು, ಬೇರೆ ನೀರು ಒಂದು ತೊಟ್ಟೂ ಕೂಡದು ಎಂದು ಬೆರಳು ತೋರಿಸಿ ಹೇಳಿದ್ದರು. ಹೇಳಿದ ಡಾಕ್ಟರು ಈಗ ದಾರಿಯ ಆಚೆ ಇದ್ದರು. ಅಳಿಯನೂ ಆಚೆಯೇ ಇದ್ದ. ಈಚೆ ಇದ್ದವನು ನಾನು.

ಮೂರನೆಯ ದಿನ ಟ್ಯಾಂಕುಗಳು ಬರಿದಾದವು. ಸಂಜೆ ಚೌಕದಲ್ಲಿ ಸಭೆ ಸೇರಿಸಿದೆ. ಚೌಕದ ನಡುವೆ ಸಮಿತಿಯ ಕಾಂಕ್ರೀಟ್ ವೇದಿಕೆ ಇದೆ. ತಾಲೀಮಿನ ಭಾಷಣಗಳಿಗಾಗಿ ನಾನು ಕಾರ್ಯದರ್ಶಿಯಾದ ವರ್ಷವೇ ಕಟ್ಟಿಸಿದ್ದು. ಅದರ ಅಂಚಿನಲ್ಲಿ ಒಂದು ಕಪ್ಪು ಕಲ್ಲು, ಕಲ್ಲಿನ ಮೇಲೆ ನನ್ನ ಹೆಸರು, ಹೆಸರಿನ ಕೆಳಗೆ 'ಇವರ ದೂರದೃಷ್ಟಿಯ ಫಲ' ಎಂಬ ಸಾಲು. ಆ ವೇದಿಕೆಯ ಮೇಲೆ ಕುರ್ಚಿ ಹಾಕಿಸಿಕೊಂಡು ನಾನು 'ಗಾಬರಿಯಾಗಬೇಡಿ' ಎಂದು ಮಾತು ಶುರು ಮಾಡಿದೆ.

ಹಿಂದಿನಿಂದ ಕಂಪೌಂಡರ್ ರುದ್ರಮುನಿ ಎದ್ದು ನಿಂತರು. ಊರಲ್ಲಿ ಉಳಿದ ವೈದ್ಯ ಎಂದರೆ ಅವರೊಬ್ಬರೇ, ಆಸ್ಪತ್ರೆಯಿಂದ ನಿವೃತ್ತರಾಗಿ ಬಹಳ ವರ್ಷವಾಗಿತ್ತು. "ಕಾರ್ಯದರ್ಶಿಗಳೇ, ಈ ಊರಿಗೆ ಒಂದು ಸೇದೋ ಬಾವಿ ಇತ್ತಲ್ಲ? ಈ ಚೌಕದಲ್ಲೇ ಎಲ್ಲೋ. ಹುಣಸೆ ಮರದ ಹತ್ರ. ಎಲ್ಲಿ ಹೋಯ್ತದು?"

ಜನ ತಲೆಗೊಂದು ಜಾಗ ತೋರಿಸಿದರು. ಬ್ಯಾಂಕಿನ ಕೆಳಗೆ ಎಂದರು, ಶೌಚಾಲಯದ ಹಿಂದೆ ಎಂದರು. ಹುಣಸೆ ಮರ ಕಡಿದು, ಚೌಕ ಅಗಲ ಮಾಡಿ, ಸುತ್ತ ತಗಡು ನಿಲ್ಲಿಸಿ ಒಂದು ಮಳೆಗಾಲವಿಡೀ ಕೆಲಸ ನಡೆದಿತ್ತು. ತಗಡು ತೆಗೆದಾಗ ಎಲ್ಲರೂ ಹೊಸದನ್ನು ನೋಡಿದರೇ ಹೊರತು ಹಳೆಯದನ್ನು ಹುಡುಕಲಿಲ್ಲ. ಹದಿನೆಂಟು ವರ್ಷದಲ್ಲಿ ಊರಿಗೆ ಊರೇ ಒಂದು ಬಾವಿಯನ್ನು ಮರೆಯುತ್ತದೆಯೇ ಎಂದು ನೀವು ಕೇಳಬಹುದು. ನೀವು ನಮ್ಮೂರಿನವರನ್ನು ನೋಡಿಲ್ಲ.

ನಾನು ಮರೆತಿರಲಿಲ್ಲ. ಬಾವಿ ನನ್ನ ಕುರ್ಚಿಯ ಕೆಳಗೇ ಇತ್ತು. ಒಂದು ಆಡು ಬಿದ್ದಿತೆಂದು, ಸುರಕ್ಷತೆಯ ನೆಪ ಹೇಳಿ, ಅದರ ಬಾಯಿಗೆ ಚಪ್ಪಡಿ ಹಾಕಿಸಿ ಮೇಲೆ ವೇದಿಕೆ ಎಬ್ಬಿಸಿದವನೇ ನಾನು. ಆಪತ್ತಿಗೆ ಊರನ್ನು ಸಿದ್ಧ ಮಾಡುತ್ತೇನೆಂದು ಹೊರಟವನು ಊರಿನ ನೀರಿನ ಮೇಲೆ ಕೂತು ಹದಿನೆಂಟು ವರ್ಷ ಭಾಷಣ ಮಾಡಿದ್ದೆ. ಎದ್ದು ನಿಂತು ಒಂದು ಮಾತು ಹೇಳಬೇಕಿತ್ತು, ಅಷ್ಟೇ. ನಾನು ಗಂಟಲು ಸರಿಮಾಡಿಕೊಂಡು, "ಕಡತ ಪರಿಶೀಲಿಸಿ ತಿಳಿಸಲಾಗುವುದು" ಎಂದೆ.

ಯಾಕೆ ಹಾಗಂದೆ? ಇವತ್ತಿಗೂ ನನಗೆ ನಾನೇ ಸುಳ್ಳು ಹೇಳಿಕೊಳ್ಳಲು ನೋಡುತ್ತೇನೆ. ನಾಳೆ ದಾರಿ ಬಂದರೂ ಬರಬಹುದು, ವೃಥಾ ಯಾಕೆ ಒಡೆಯಬೇಕು ಎಂದು ಅಂದುಕೊಂಡೆ ಎನ್ನುತ್ತೇನೆ. ನಿಜ ಅಷ್ಟು ಉದ್ದವಿಲ್ಲ. ಜನ ನಗುತ್ತಾರೆಂದು ಹೆದರಿದೆ. ಕಲ್ಲಿನ ಮೇಲಿನ ಹೆಸರು ಚೆನ್ನಾಗಿ ಕೆತ್ತಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ನಮ್ಮ ಗ್ಯಾಸು ಮುಗಿಯಿತು. ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಹಸಿ ಲಂಟಾನ ಕಡ್ಡಿ ಒಟ್ಟಿ, ದೇವರ ಮನೆಯ ಬೆಂಕಿಪೊಟ್ಟಣ ತಂದು, ಸೂಕ್ತ ವಿಧಾನದಿಂದ ಹೊತ್ತಿಸಲು ಕೂತೆ. ಮೂವತ್ತೊಂದು ಕಡ್ಡಿ ಗೀರಿದೆ. ಕೈಪಿಡಿಯ ಹಾಳೆಗಳು ಚೆನ್ನಾಗಿ ಉರಿದವು, ಸೌದೆ ಮಾತ್ರ ಹೊಗೆ ಬಿಟ್ಟು ನನ್ನನ್ನೇ ನೋಡುತ್ತಿತ್ತು. ಶಾಂಭವಿ ಹಿಂದಿನ ದಿನ ಕುದಿಸಿಟ್ಟಿದ್ದ ನೀರು ಮುಗಿದು, ಕೊಡದ ತಳದ ತಣ್ಣೀರಿನಲ್ಲೇ ಹಾಲು ಕಲಸಿದಳು. ಬೇರೆ ದಾರಿ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮಗು ಕುಡಿದದ್ದನ್ನೆಲ್ಲ ಕಕ್ಕಿತು, ಭೇದಿಯೂ ಶುರುವಾಯಿತು. ಮೊದಲು ಜೋರಾಗಿ ಅತ್ತಿತು, ಆಮೇಲೆ ಸಣ್ಣಗೆ, ಆಮೇಲೆ ಅಳುವುದನ್ನೇ ಬಿಟ್ಟಿತು. ವಾರಿಜಾ ಅದರ ಮುಖ ನೋಡುತ್ತಾ ಕೂತಿದ್ದಳು. ನಾನು ಅವಳ ಪಕ್ಕದಲ್ಲೇ ಕೂತು ಬೀಸಣಿಗೆ ಬೀಸುತ್ತಿದ್ದೆ.

ರುದ್ರಮುನಿ ಬಂದು ಮಗುವಿನ ಹೊಟ್ಟೆಯ ಚರ್ಮ ಹಿಡಿದು ನೋಡಿ ನನ್ನನ್ನು ಆಚೆ ಕರೆದರು. "ಕಾಯಿಸಿದ ನೀರು ಬೇಕು ಸ್ವಾಮಿ. ಅದಕ್ಕೆ ಸಕ್ಕರೆ, ಉಪ್ಪು ಹಾಕಿ ಚಮಚ ಚಮಚ ಕುಡಿಸ್ಬೇಕು. ನಾಳೆ ಮಧ್ಯಾಹ್ನದೊಳಗೆ. ಆಮೇಲೆ ನನ್ನ ಕೈಲಿ ಏನೂ ಇಲ್ಲ" ಎಂದರು.

ಬೆಳಕು ಹರಿಯುವ ಮೊದಲೇ ಬಾಣಲೆಯೊಂದನ್ನು ಹಿಡಿದು ಮನೆ ಬಿಟ್ಟೆ. ಊರಿನಲ್ಲಿ ಆರದ ಬೆಂಕಿ ಇದ್ದದ್ದು ಒಂದೇ ಕಡೆ, ಮಿರ್ಚಿ ದ್ಯಾಮವ್ವನ ಒಲೆಯಲ್ಲಿ. ಬೇರೆಯವರು ಎರಡು ದಿನದಿಂದಲೇ ಅವಳ ಹತ್ತಿರ ಕೆಂಡ ಒಯ್ಯುತ್ತಿದ್ದರು, ನಾನು ಹೋಗಿರಲಿಲ್ಲ. ಹೋಗುವ ಮುಖ ನನಗಿರಲಿಲ್ಲ. ಅವಳು ಮೊದಲು ಚೌಕದಲ್ಲಿ ಹುಣಸೆ ಮರದ ಕೆಳಗೆ ಸೌದೆ ಒಲೆ ಹೂಡಿ ಮಿರ್ಚಿ ಕರಿಯುತ್ತಿದ್ದಳು. ಸಾರ್ವಜನಿಕ ಸ್ಥಳದಲ್ಲಿ ತೆರೆದ ಬೆಂಕಿಯಿಂದ ಅಪಾಯ ಎಂದು ನಾನು ಒಂದರ ಹಿಂದೆ ಒಂದು ಏಳು ನೋಟೀಸು ಕೊಟ್ಟು ಅವಳನ್ನು ಬಂಕಿನ ಪಕ್ಕದ ಊರಂಚಿಗೆ ಓಡಿಸಿದ್ದೆ. ಏಳನ್ನೂ ಅವಳು ಮಿರ್ಚಿ ಕಟ್ಟಿಕೊಡಲು ಬಳಸಿದ್ದಳು. ಅದರಲ್ಲೊಂದು ತಿರುಗಿ ನನ್ನ ಮನೆಗೇ ಬಂದಿತ್ತು.

ದ್ಯಾಮವ್ವ ನನ್ನ ಅರ್ಧ ತಲೆಯನ್ನು, ಕೈಯಲ್ಲಿದ್ದ ಬಾಣಲೆಯನ್ನು ನೋಡಿದಳು. ನಗಲಿಲ್ಲ. ಬೂದಿ ಸರಿಸಿ ಕೆಂಡ ಬಯಲು ಮಾಡಿದಳು. "ಬೆಂಕಿ ಎಷ್ಟ್ ಬೇಕಾದ್ರೂ ತಗೊಂಡೋಗಿ ಸಾಹೇಬ್ರೇ. ಮಗೀಗೆ ಬೆಂಕಿ ಕುಡಿಸ್ತೀರಾ? ನೀರೆಲ್ಲಿಂದ ತರ್ತೀರಿ?"

ನಾನು ಬಾಣಲೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದೆ.

"ಆ ಬಾವೀಲಿ ಹತ್ತು ವರ್ಷ ನೀರು ಸೇದಿದೋಳು ನಾನು. ಎಲ್ಲೈತೆ ಅಂತ ನಂಗೂ ಗೊತ್ತು, ನಿಮಗೂ ಗೊತ್ತು. ಮೊನ್ನೆ ಸಭೇಲಿ ನಿಮ್ಮ ಮುಖಾನೇ ನೋಡ್ತಿದ್ದೆ. ನಾನು ಬಾಯಿ ಬಿಟ್ಟಿದ್ರೆ ನೋಟೀಸಿನ ಸಿಟ್ಟು ತೀರಿಸ್ಕೊಂತಾಳೆ ಅಂತಿದ್ರು. ನೀವಾಗೇ ಹೇಳ್ತೀರಿ ಅಂತ ನಿನ್ನೆ ಇಡೀ ದಿನ ಕಾದೆ." ಅವಳು ಸೌದೆ ಮುಂದಕ್ಕೆ ತಳ್ಳಿದಳು. "ಮಗು ವಿಷ್ಯ ರಾತ್ರಿ ಗೊತ್ತಾತು. ಮೊದ್ಲೇ ಗೊತ್ತಾಗಿದ್ರೆ ಕಾಯ್ತಿರಲಿಲ್ಲ. ಈಗ ನೀವು ಹೋಗ್ತೀರೋ, ನಾನೇ ಹೋಗಿ ಕೂಗ್ಲೋ?"

ನಾನು ಓಡಿದೆ. ಐವತ್ತೆಂಟನೆಯ ವಯಸ್ಸಿನಲ್ಲಿ, ಅರ್ಧ ತಲೆಯಲ್ಲಿ, ಉಗ್ರಾಣದಿಂದ ಹಾರೆ ಹೊತ್ತುಕೊಂಡು ಚೌಕಕ್ಕೆ ಬಂದು, ಸ್ವಂತ ಹೆಸರಿನ ಕಲ್ಲಿಗೆ ಮೊದಲ ಏಟು ಹಾಕಿದೆ. ಹಾರೆ ಜಾರಿ ನನ್ನ ಕಾಲಿನ ಪಕ್ಕಕ್ಕೇ ಬಿತ್ತು. ಸದ್ದಿಗೆ ಜನ ಸೇರಿದರು. ಕಾರ್ಯದರ್ಶಿಗಳಿಗೆ ತಲೆ ಕೆಟ್ಟಿದೆ ಎಂದರು. "ಬಾವಿ ಇಲ್ಲೇ ಇದೆ" ಎಂದು ಕೂಗಿದೆ. ಆಮೇಲೆ ಚೌಡಪ್ಪ ಇನ್ನೊಂದು ಹಾರೆ ತಂದ. ಅವನಿಗೂ ಹಿಡಿಯಲು ಬರುತ್ತಿರಲಿಲ್ಲ. ನಾವು ಹತ್ತು ಹನ್ನೆರಡು ಮಂದಿ, ವಿದ್ಯಾವಂತರು, ವೇದಿಕೆಯ ನಟ್ಟನಡುವೆ ಕುಟ್ಟಿ ಕುಟ್ಟಿ ಅಂಗೈ ಬೊಬ್ಬೆ ಮಾಡಿಕೊಂಡೆವು. ದ್ಯಾಮವ್ವ ಬಂದು ಒಮ್ಮೆ ಸುತ್ತು ಹಾಕಿ, "ನಡುಮಧ್ಯ ಯಾಕ್ ಗುದ್ದುತೀರಿ? ಹೆಸರಿನ ಕಲ್ಲು ಕೀಳಿ. ಅದರ ಸಂದಿಗೆ ಹಾರೆ ಕೊಟ್ಟು ಮೀಟಿ" ಎಂದಳು. ಹೆಸರಿನ ಕಲ್ಲು ಎರಡು ಹೋಳಾಗಿ ಬಂತು. ಹೊತ್ತು ನೆತ್ತಿಗೆ ಬರುವ ಮೊದಲೇ ಚಪ್ಪಡಿಯ ಒಂದು ಮೂಲೆ ಎದ್ದಿತು. ಒಳಗಿನಿಂದ ತಣ್ಣನೆಯ ಗಾಳಿ ನಮ್ಮ ಮುಖಕ್ಕೆ ಹೊಡೆಯಿತು. ಯಾರೋ ಹರಳು ಎಸೆದರು. ಬಹಳ ಹೊತ್ತಾದ ಮೇಲೆ ಗುಳುಂ ಎಂದಿತು. ನನಗೆ ಕಣ್ಣಲ್ಲಿ ನೀರು ಬಂತು, ಊರಿನಲ್ಲಿ ಅವತ್ತು ಬಂದ ಮೊದಲ ನೀರು ಅದೇ.

ಆದರೆ ಹಗ್ಗ? ನಾನು ಮನೆಗೆ ಓಡಿ ಬೀರು ತೆಗೆದೆ. ಹದಿನೆಂಟು ತಾಲೀಮಿನ ಹದಿನೆಂಟು ಸನ್ಮಾನದ ಶಾಲುಗಳು, ನುಸಿಗುಳಿಗೆಯ ವಾಸನೆಯೊಂದಿಗೆ ಮಡಿಸಿದ ಹಾಗೇ ಇದ್ದವು. ಎಲ್ಲವನ್ನೂ ತಂದು ಒಂದಕ್ಕೊಂದು ಗಂಟು ಹಾಕಿದೆ. ಗಂಟಿನ ಚಿತ್ರ ನನ್ನ ಕೈಪಿಡಿಯ ಇಪ್ಪತ್ತೆರಡನೆಯ ಪುಟದಲ್ಲಿದೆ. ಕೊಡ ಇಳಿಯಿತು, ತುಂಬಿತು, ಅರ್ಧಕ್ಕೆ ಬಂತು. ಅಲ್ಲಿ ಇಪ್ಪತ್ತೆರಡನೆಯ ಪುಟ ಬಿಚ್ಚಿಕೊಂಡಿತು. ಕೊಡವೂ ಕೆಳಗಿನ ನಾಲ್ಕು ಶಾಲೂ ಹೋದವು. ಬಾವಿಯ ಸುತ್ತ ನಿಂತವರು ನನ್ನನ್ನು ನೋಡಿದ ನೋಟವನ್ನು ನಾನು ಬರೆಯಲಾರೆ.

"ಸರೀರಿ ಆ ಕಡೆ" ಎಂದು ಶಾಂಭವಿ ನನ್ನನ್ನು ತಳ್ಳಿ ಕೂತಳು. ಶಾಲುಗಳನ್ನು ಉದ್ದುದ್ದ ಹರಿದಳು. ಮೂರು ಮೂರು ಪಟ್ಟಿ ಹಿಡಿದು ಮಗಳಿಗೆ ಜಡೆ ಹಾಕುವ ಹಾಗೆ ಹೆಣೆಯತೊಡಗಿದಳು. ತುದಿ ಮುಗಿಯುವಲ್ಲಿ ಹೊಸ ಪಟ್ಟಿ ಸೇರಿಸುತ್ತಾ, ಎಳೆದು ಬಿಗಿಯುತ್ತಾ ಹೋದಳು. ಅಕ್ಕಪಕ್ಕದ ಹೆಂಗಸರು ತಾವೂ ಕೂತರು. ಆ ಒಂದು ಕೆಲಸವನ್ನು ಯಾವ ಮಷೀನೂ ಅವರ ಕೈಯಿಂದ ಕಿತ್ತುಕೊಂಡಿರಲಿಲ್ಲ. ಕೊಡದ ಕಂಠಕ್ಕೆ ಹೂಮಾಲೆಗೆ ಬಿಗಿಯುವ ಗಂಟು ಹಾಕಿದರು. ಜರಿಯಂಚಿನ ಆ ಜಡೆ ಬಾವಿಗೆ ಇಳಿಯಿತು. ತುಂಬಿದ ಕೊಡವನ್ನು ಹಿಡಿದು ಮೇಲೆ ಬಂತು. ನೀರು ಕೆಂಪಗಿತ್ತು, ಎಲೆ ಕೊಳೆತ ವಾಸನೆ ಬರುತ್ತಿತ್ತು. ಮಿಕ್ಕ ಶಾಲಿನಲ್ಲಿ ಎರಡು ಸಲ ಸೋಸಿದೆವು.

ದ್ಯಾಮವ್ವನ ಒಲೆಯ ಮೇಲೆ ಆ ನೀರು ಮರಳುವವರೆಗೆ ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದೆ. ನನ್ನ ಬದುಕಿನಲ್ಲಿ ಅಷ್ಟು ಏಕಾಗ್ರತೆಯಿಂದ ನಾನು ಯಾರ ಭಾಷಣವನ್ನೂ ಕೇಳಿಲ್ಲ. ಆರಿಸಿ, ಸಕ್ಕರೆ ಉಪ್ಪು ಬೆರೆಸಿ, ವಾರಿಜಾ ಚಮಚದ ತುದಿಯಲ್ಲಿ ಮಗುವಿನ ತುಟಿಗೆ ಮುಟ್ಟಿಸಿದಳು. ಮೊದಲ ಚಮಚ ಕೆನ್ನೆಯ ಮೇಲೆ ಹರಿದುಹೋಯಿತು. ಎರಡನೆಯದೂ ಹೋಯಿತು. ನಾಲ್ಕನೆಯದಕ್ಕೋ ಐದನೆಯದಕ್ಕೋ ಮಗು ನಾಲಿಗೆ ಚಪ್ಪರಿಸಿತು. ಸಂಜೆ ಒಂದು ಸಲ ಅತ್ತಿತು. ಆ ಅಳು ಕೇಳಿ ರುದ್ರಮುನಿ ಜಗುಲಿಯಲ್ಲಿ ಕೂತವರು ಮೂಗು ಒರೆಸಿಕೊಂಡರು, ನೆಗಡಿ ಎಂದರು.

ಅಲ್ಲಿಂದ ಮುಂದೆ ಊರು ಹೇಗೋ ಸುಧಾರಿಸಿತು. ಜಡೆ ಹಗ್ಗ ಇನ್ನೆರಡು ತಯಾರಾದವು. ಚೌಡಪ್ಪ ಕತ್ತರಿ ಹಿಡಿದ, ನನ್ನ ಬಲಗಿವಿಯ ಮೇಲೆ ಅದರ ಗುರುತು ಇದೆ. ಹದಿನಾಲ್ಕನೆಯ ದಿನ ಬೆಳಿಗ್ಗೆ ಎದ್ದರೆ ಲಂಟಾನ ಇರಲಿಲ್ಲ, ದಾರಿ ಏನೂ ನಡೆದೇ ಇಲ್ಲವೆಂಬಂತೆ ಮಲಗಿತ್ತು, ಅದರ ಮೇಲೆ ಗ್ಯಾಸಿನ ಲಾರಿ ಹಾರ್ನ್ ಮಾಡುತ್ತಾ ಬಂತು. ವಾರದೊಳಗೆ ಹೆಂಗಸರು, ಗಂಡಸರು, ಗಂಗಜ್ಜಿ, ಎಲ್ಲರೂ ಮಿಕ್ಸಿಯ ಮುಂದೆ ನಿಂತಿದ್ದರು. ಯಾರನ್ನೂ ದೂರುವ ಹಕ್ಕು ನನಗಿಲ್ಲ.

ಮುಂದಿನ ವಾರ ಬಾವಿಯ ಪಕ್ಕ ಶಾಮಿಯಾನ ಹಾಕಿ ನನಗೆ ಸನ್ಮಾನ ಇಟ್ಟುಕೊಂಡರು. ದಾರಿಯ ಆಚೆಯಿಂದ ಬಂದ ಅತಿಥಿ, ಸ್ವಂತ ಹೆಸರಿನ ಕಲ್ಲನ್ನೇ ಒಡೆದ ತ್ಯಾಗಿ ಎಂದು ನನ್ನನ್ನು ಹೊಗಳಿ ಹತ್ತೊಂಬತ್ತನೆಯ ಶಾಲು ಹೊದೆಸಿದರು. ಬಾಣಂತನದ ನಲವತ್ತು ದಿನ ದಾಟಿದ್ದರಿಂದ ವಾರಿಜಾ ಮಗುವನ್ನು ಎತ್ತಿಕೊಂಡು ಮುಂದಿನ ಸಾಲಿನಲ್ಲೇ ಕೂತಿದ್ದಳು. ಮೈಕು ಹಿಡಿದು ಹೇಳಿಬಿಟ್ಟೆ: "ಬಾವಿ ಎಲ್ಲಿದೆ ಎಂದು ನನಗೆ ಮೂರನೆಯ ದಿನವೇ ಗೊತ್ತಿತ್ತು. ಅವಮಾನವಾಗುತ್ತದೆಂದು ಒಂದು ಹಗಲು, ಎರಡು ರಾತ್ರಿ ಬಾಯಿ ಬಿಡಲಿಲ್ಲ."

ಜನ ಜೋರಾಗಿ ಚಪ್ಪಾಳೆ ತಟ್ಟಿದರು. ನನ್ನ ವಿನಯ ಎಂದುಕೊಂಡರು. ಅತಿಥಿಯಂತೂ ಎದ್ದು ನಿಂತು ತಟ್ಟಿದರು. ಚಪ್ಪಾಳೆ ತಟ್ಟದವರು ಇಬ್ಬರು. ಒಬ್ಬಳು ದ್ಯಾಮವ್ವ, ಅವಳ ಕೈಯಲ್ಲಿ ಮಿರ್ಚಿ ತೆಗೆಯುವ ಜಾರಣಿಗೆ ಇತ್ತು. ಇನ್ನೊಬ್ಬಳು ನನ್ನ ಮಗಳು.

ಮನೆಗೆ ಬಂದು ಎಂದಿನಂತೆ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡೆ. ವಾರಿಜಾ ಬಂದು ಎರಡೂ ಕೈಯಿಂದ ಎತ್ತಿಕೊಂಡಳು. "ಒಂದು ದಿನವಾ ಅಪ್ಪ?" ಎಂದಳು. ನಾನು ಹೆಗಲ ಮೇಲಿನ ಶಾಲು ತೆಗೆದು ಕೆಳಗಿಟ್ಟೆ. "ಅವತ್ತು ಇವಳು ಅಳೋದನ್ನೂ ಬಿಟ್ಟಿದ್ದಳು. ನೀನು ನನ್ನ ಪಕ್ಕದಲ್ಲೇ ಕೂತು ಗಾಳಿ ಬೀಸ್ತಿದ್ದೆ." ಅಷ್ಟು ಹೇಳಿ ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕರೆಯುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಮಗುವನ್ನು ಮಾತ್ರ ಮತ್ತೆ ನನ್ನ ಕೈಗೆ ಕೊಡಲಿಲ್ಲ.

ಅಂದಿನಿಂದ ಹಿತ್ತಲಲ್ಲಿ ಒಂದು ಒಲೆ ಹಾಕಿಕೊಂಡು ಬೆಂಕಿ ಸಾಕತೊಡಗಿದೆ. ಬೆಂಕಿಪೊಟ್ಟಣ ಮುಟ್ಟಬಾರದು, ಕೆಂಡ ಆರಬಾರದು, ದಿನಾ ಬೆಳಿಗ್ಗೆ ಮಗುವಿನ ನೀರು ಅದರ ಮೇಲೇ ಕಾಯಬೇಕು ಎಂದು ನನಗೆ ನಾನೇ ವಿಧಿಸಿಕೊಂಡ ಶಿಕ್ಷೆ. ಶಿಕ್ಷೆ ಅನುಭವಿಸಿದವರು ಮನೆಯ ಉಳಿದವರು. ಹೊಗೆಗೆ ಶಾಂಭವಿ ಕೆಮ್ಮಿದಳು, ಒಣಗಿದ ಬಟ್ಟೆಯೆಲ್ಲ ಮಸಿ ನಾತ ಹೊಡೆಯಿತು, ನನ್ನ ಹುಬ್ಬು ಎರಡು ಸಲ ಸುಟ್ಟಿತು. ಇಷ್ಟಾದರೂ ವಾರಕ್ಕೊಮ್ಮೆಯಾದರೂ ಕೆಂಡ ಆರಿಹೋಗುತ್ತಿತ್ತು. ಆಗ ಬಾಣಲೆ ಹಿಡಿದು ದ್ಯಾಮವ್ವನ ಹತ್ತಿರ ಹೋಗುವುದು. ಈ ನಡುವೆ ಸಮಿತಿ ಕೈಪಿಡಿಯ ಎರಡನೆಯ ಮುದ್ರಣ ಕೇಳಿತು. ನಾನು ಒಂದೇ ಹಾಳೆ ಬರೆದುಕೊಟ್ಟೆ, ನನಗೆ ನಿಜವಾಗಿ ಗೊತ್ತಿದ್ದದ್ದು ಅಷ್ಟೇ. ಕೊನೆಯ ಸಾಲು: 'ಹೆಚ್ಚಿನ ಮಾಹಿತಿಗೆ ದ್ಯಾಮವ್ವನನ್ನು ಸಂಪರ್ಕಿಸಿ.' ಸಮಿತಿ ಅದನ್ನು ತಿರಸ್ಕರಿಸಿ ಹಳೆಯದನ್ನೇ ಬಣ್ಣದ ರಕ್ಷಾಪುಟದೊಂದಿಗೆ ಅಚ್ಚು ಹಾಕಿಸಿತು.

ವಾರಿಜಾ ಗಂಡನ ಮನೆಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ನಾನು ಒಲೆಯ ಮುಂದೆ ಊದುಗೊಳವೆ ಹಿಡಿದು ಕೂತಿದ್ದೆ. ಅವಳು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದು ನಿಂತಳು.

"ಅಲ್ಲೂ ಒಂದು ಒಲೆ ಹಾಕ್ಸ್ತೀನಿ" ಎಂದಳು, ಬಹಳ ದಿನಗಳ ಮೇಲೆ ಅವಳಾಗಿಯೇ ಆಡಿದ ಮಾತು. "ಬೆಂಕಿ ಇಡೋದು ಹೇಗೆ, ತೋರಿಸು."

ಬೂದಿ ಹೇಗೆ ಸರಿಸಬೇಕು, ಪುಳ್ಳೆ ಹೇಗೆ ಒಟ್ಟಬೇಕು ಎಂದು ಒಂದೊಂದೇ ವಿವರಿಸುತ್ತಾ, ಇಷ್ಟೇ ನೋಡು ಎಂದು ಉಸಿರು ಕಟ್ಟಿ ಊದಿದೆ. ಬೂದಿಯೆಲ್ಲ ಹಾರಿ ನನ್ನ ಮುಖಕ್ಕೆ ಬಂತು. ಕೆಳಗೆ ಒಂದು ಕೆಂಡವೂ ಇರಲಿಲ್ಲ.

ಬಾಣಲೆ ತೆಗೆದುಕೊಂಡು ಎದ್ದೆ. ಅವಳೂ ಹಿಂದೆ ಬಂದಳು. ದ್ಯಾಮವ್ವ ನನ್ನ ಬೂದಿ ಬಳಿದ ಮುಖ ನೋಡಿ ಜಾರಣಿಗೆ ಕೆಳಗಿಟ್ಟಳು. "ಇದು ಎಂಟನೇ ಸಲ ಸಾಹೇಬ್ರೇ. ನೀವು ಏಳನೇ ನೋಟೀಸಿಗೇ ನನ್ನ ಊರಾಚೆ ಕಳ್ಸಿದ್ರಿ. ಈಗ ನಿಮ್ಮನ್ನ ಎಲ್ಲಿಗೆ ಕಳಿಸ್ಲಿ ಹೇಳಿ?"

ನನ್ನ ಹಿಂದೆ ವಾರಿಜಾ ಫಕ್ಕನೆ ನಕ್ಕಳು. ನಕ್ಕದ್ದಕ್ಕೆ ತಾನೇ ಸಿಟ್ಟಾದವಳಂತೆ ಮುಖ ತಿರುಗಿಸಿದಳು.

ದ್ಯಾಮವ್ವ ಬಾಣಲೆಗೆ ಬೂದಿ ಹಾಸಿ, ನಿಗಿನಿಗಿ ಎನ್ನುವ ನಾಲ್ಕು ಕೆಂಡ ಆಯ್ದು ಇಟ್ಟು, ಮೇಲೆ ಇನ್ನಷ್ಟು ಬೂದಿ ಮುಚ್ಚಿದಳು. ನಾನು ಕೈ ಚಾಚಿದೆ. ಅವಳು ಬಾಣಲೆಯನ್ನು ನನ್ನ ಕೈ ದಾಟಿಸಿ ಮಗಳ ಕಡೆ ಹಿಡಿದಳು. "ಇವರ ಕೈಗೆ ಬ್ಯಾಡ.  ದಾರೀಲೇ ಆರಿಸ್ತಾರೆ. ನೀನೇ ಹಿಡ್ಕೋ ತಾಯಿ. ಎರಡೂ ಕೈಲಿ ಹಿಡೀಬೇಕು, ಅಲುಗಾಡಬಾರದು."

ವಾರಿಜಾ ಬಾಣಲೆಯನ್ನು ನೋಡಿದಳು. ಹೆಗಲ ಮೇಲೆ ಮಲಗಿದ್ದ ಮಗುವನ್ನು ನೋಡಿದಳು. ಆಮೇಲೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ನಾನು ಮುಖದ ಬೂದಿ ಒರೆಸಿಕೊಳ್ಳಲು ಹೋಗಿ, ಯಾಕೋ ಸುಮ್ಮನೆ ನಿಂತೆ.

"ತಲೆ ಕೆಳಗೆ ಕೈ ಕೊಡು" ಎಂದು ಅವಳು ಮಗುವನ್ನು ನನ್ನ ತೋಳಿಗೆ ಹಾಕಿದಳು.

ಅವಳು ಕೆಂಡ ಹಿಡಿದು ಮುಂದೆ ನಡೆದಳು. ನಾನು ಎರಡೂ ಕೈಯಲ್ಲಿ ಹಿಡಿದು, ಅಲುಗಾಡಿಸದೆ, ಹಿಂದೆ ನಡೆದೆ.